ಬಿಸಿಲಿಗಿಟ್ಟ ಸೀಬೆಹಣ್ಣು

ಇವತ್ತು ಪಾಲಹಳ್ಳಿಯ ಚಿಕ್ಕಮ್ಮನ ಮನೆಗೆ ಹೋದಾಗ, ಜಗಲಿಯ ಮೇಲೆ ಬಿಸಿಲಿಗಿಟ್ಟಿದ್ದ ಸೀಬೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು, ಪಾಂಡವಪುರದ ಪಕ್ಕದ ಅಜ್ಜಿಮನೆ ಕಣ್ಣ ಮುಂದೆ ಬಂತು.

ಆಗ ಚಿಕ್ಕಮ್ಮ ಅಲ್ಲಿಗೆ ಮೊದಲ ಬಾಣಂತನಕ್ಕೆ ಬಂದಿದ್ದಳು. ಅಜ್ಜಿಯ ಪಥ್ಯವೆಂದರೆ ಪಥ್ಯ. ತಿಂಗಳುಗಟ್ಟಲೆ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ ಅಷ್ಟೇ. ಸೊಪ್ಪು ಕೂಡ ಇಲ್ಲ. ಹಿತ್ತಲಲ್ಲಿ ಸೀಬೆ ಹಣ್ಣಾಗಿ ಉದುರುತ್ತಿದ್ದರೂ, "ಅದು ಸೀತ ಕಣವ್ವ, ಕೂಸಿಗೆ ಕೆಮ್ಮು ಬತ್ತದೆ" ಎನ್ನುತ್ತಿದ್ದಳು. ಕೊನೆಗೆ ಚಿಕ್ಕಮ್ಮನ ಒಸಡು ಊದಿ ರಕ್ತ ಬರತೊಡಗಿತು. ಕಾಲಿನಲ್ಲಿ ಏಟು ಬಿದ್ದ ಹಾಗೆ ನೀಲಿ ಕಲೆಗಳು. ಅಜ್ಜಿ ಪಥ್ಯವನ್ನು ಇನ್ನಷ್ಟು ಬಿಗಿ ಮಾಡಿದಳು!

ಪೇಟೆಯ ಡಾಕ್ಟರಮ್ಮ ಬಾಯಿ ನೋಡಿದವರೇ, "ಇದು ಸ್ಕರ್ವಿ. ಸಿ ವಿಟಮಿನ್ ಸಾಲದೆ ಬಂದಿದೆ. ಮಾತ್ರೆ ಕೊಡ್ತೀನಿ, ಆದ್ರೆ ದಿನಾ ಸೀಬೆ, ನೆಲ್ಲಿ, ನಿಂಬೆ ಏನಾದ್ರೂ ಕೊಡಿ ಅಜ್ಜಿ" ಎಂದರು.

ಅಜ್ಜಿ ಮನೆಗೆ ಬಂದವಳೇ ಮೆತ್ತಗಿನ ಹಣ್ಣು ಕಿತ್ತು, ಜಗಲಿಯ ಬಿಸಿಲಿಗಿಟ್ಟು ಕಾವಲು ಕೂತಳು. "ಒಸಿ ಸೀತ ಬುಡ್ಲಿ, ಆಮೇಲೆ ತಿನ್ನೀವಂತೆ." ಬೆಚ್ಚಗಾದ ಹಣ್ಣನ್ನು ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ತಿಂದಳು. ದಿನಾ ತಿಂದಳು. ರಕ್ತ ನಿಂತಿತು, ನಗು ಬಂತು.

ಅವತ್ತಿನ ಆ ಕೂಸೇ ಇವತ್ತು ಚಿಕ್ಕಮ್ಮನ ಮನೆಯ ಬಾಣಂತಿ. "ಡಾಕ್ಟರು ಹೇಳಿ ಇಷ್ಟು ವರ್ಷ ಆಯ್ತು, ಈಗ್ಲೂ ಬಿಸಿಲಿಗೆ ಯಾಕಿಡ್ತೀಯ?" ಎಂದೆ.

ಚಿಕ್ಕಮ್ಮ ಹಣ್ಣನ್ನು ಬಿಸಿಲಿನ ಕಡೆಗೆ ಹೊರಳಿಸಿದಳು. "ನಂಗೆ ಅವ್ವ ಬೆಚ್ಚಗೆ ಕೊಟ್ಟಿದ್ಲು ಕಣ್ಲಾ. ನನ್ ಮಗ್ಳಿಗೆ ತಣ್ಣಗೆ ಕೊಡಾಕಾಯ್ತದಾ?"