ಕೊಲ್ಲತರುವಿನ ಬದಲಿಗೆ ಸ್ಪ್ರಾಟ್

ಕುವೈತಿನ ದಿನಚರಿಯಲ್ಲಿ ಒಂದು ಕಡೆ 'ಮೀನು ತಲುಪಿಸಿದೆ' ಎಂದು ಬರೆದಿದ್ದೇನೆ. ಯಾವ ಮೀನು ಎಂದು ಬರೆದಿಲ್ಲ. ಅದು ಮರೆವಿನಿಂದ ಬಿಟ್ಟದ್ದಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಆಗ ರಜೆ ಮುಗಿಸಿ ಊರಿನಿಂದ ಯಾರೇ ಹೊರಟರೂ ಅವರ ಪೆಟ್ಟಿಗೆಯಲ್ಲಿ ಅರ್ಧ ಬೇರೆಯವರ ಸಾಮಾನು. ಆ ಸಲ ನಾನು ಹೊರಡುವಾಗ ನಮ್ಮ ಕಂಪನಿಯ ಡ್ರೈವರನ ತಾಯಿ ಎರಡು ಬಸ್ ಬದಲಿಸಿ ಮಂಗಳೂರಿನ ನಮ್ಮ ಮನೆಗೆ ಬಂದು, ಮಗನಿಗೆಂದು ಒಣಗಿದ ಕೊಲ್ಲತರು ಮೀನಿನ ಕಟ್ಟು ಕೊಟ್ಟರು. ಬೆರಳುದ್ದದ ಮೀನು, ಕಾಗೆ ಓಡಿಸುತ್ತಾ ತಾವೇ ಕೂತು ಒಣಗಿಸಿದ್ದು. ಕುವೈತಿಗೆ ಮರಳಿ ಫಿಂಟಾಸಿನ ನನ್ನ ಫ್ಲ್ಯಾಟಿನಲ್ಲಿ ಪೆಟ್ಟಿಗೆ ತೆರೆದರೆ ಹೊಸ ಅಂಗಿಗಳಿಗೆಲ್ಲ ಅದರ ವಾಸನೆ. ಎಂ.ಎ. ಮಾಡಿದ ನಾನು ಅದನ್ನು ಹಿಡಿದು ಆಫೀಸಿನ ಲಿಫ್ಟ್ ಹತ್ತಬೇಕಿತ್ತು. ಕೆಳಗಿನ ಕಸದ ತೊಟ್ಟಿಗೆ ಹಾಕಿಬಿಟ್ಟೆ. ಬೆಕ್ಕುಗಳು ಓಡಿಬಂದವೆಂದು ನೆನಪು. ಆದರೆ ಅಲ್ಲಿ ಬೆಕ್ಕುಗಳು ಯಾವಾಗಲೂ ಇರುತ್ತಿದ್ದವು.

ಕಟ್ಟನ್ನು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ತೆಗೆದುಕೊಂಡರು ಎಂದು ಡ್ರೈವರನಿಗೆ ಹೇಳಿದೆ. ಅವನು ನನಗೇ ಸಮಾಧಾನ ಹೇಳಿದ. ಅದನ್ನು ತಾಳಲಾರದೆ ಅಂಗಡಿಯಿಂದ ಸ್ಪ್ರಾಟ್ ಮೀನಿನ ಡಬ್ಬಿ ತಂದುಕೊಟ್ಟೆ. ಯುರೋಪಿನ ಉತ್ತರದ ತಣ್ಣನೆಯ ಕಡಲಂಚಿನಲ್ಲಿ ಸಿಗುವ ಸಣ್ಣ ಮೀನದು. ಹೊಗೆ ಹಾಕಿ ಎಣ್ಣೆಯಲ್ಲಿ ಸಾಲಾಗಿ ಮಲಗಿಸಿರುತ್ತಾರೆ. ಗಾತ್ರದಲ್ಲಿ ಕೊಲ್ಲತರುವಿನಷ್ಟೇ. ಅಷ್ಟಕ್ಕೇ ಲೆಕ್ಕ ಸರಿಹೋಯಿತೆಂದು ನಾನು ಅಂದುಕೊಂಡಿರಬೇಕು. ಅರ್ದಿಯಾ ಬಡಾವಣೆಯ ಅವನ ಕೋಣೆಯಲ್ಲಿ ಜೊತೆಗಿದ್ದವರೆಲ್ಲರೂ ಕುಬ್ಬೂಸ್ ರೊಟ್ಟಿಯ ಜೊತೆ ಹಂಚಿ ತಿಂದರಂತೆ.

"ಒಳ್ಳೇದುಂಟು ಸರ್. ಖಾರ ಇಲ್ಲ, ಹುಳಿ ಇಲ್ಲ, ಆಸ್ಪತ್ರೆಯಲ್ಲಿ ಕೊಡುವ ಮೀನಿನ ಹಾಗೆ" ಎಂದು ನಕ್ಕ.

ಮುಂದಿನ ವಾರ ಅವನು ಕಾರು ನಿಲ್ಲಿಸಿ ತಾಯಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಕೊಲ್ಲತರು ಸಿಕ್ಕಿತು, ಚಟ್ನಿ ಮಾಡಿ ತಿಂದೆವು ಎಂದು ತುಳುವಿನಲ್ಲಿ ಹೇಳುತ್ತಿದ್ದ. ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿ ನನ್ನತ್ತ ಚಾಚಿದ.

"ಹೋಯ್ತು ಅಂದ್ರೆ ಅವರಿಗೆ ಬೇಜಾರಾಗ್ತದೆ ಸರ್. ನಿಮಗೂ ಕೊಟ್ಟೆ ಅಂತ ಹೇಳಿದ್ದೇನೆ. ಒಂದು ಮಾತು ಹೇಳಿ."

ಉಪ್ಪು ಹೆಚ್ಚಾಗಲಿಲ್ಲವಲ್ಲ ಎಂದು ತಾಯಿ ಕೇಳಿದರು. ಇಲ್ಲಮ್ಮ, ಸರಿಯಾಗಿತ್ತು ಎಂದೆ. ಹಾಗಾದರೆ ಬರುವ ವರ್ಷ ನಿಮಗೆಂದೇ ಬೇರೆ ಕಟ್ಟು ಮಾಡುತ್ತೇನೆ ಎಂದರು.

ಅವನಿಗೆ ನಿಜ ಗೊತ್ತಿತ್ತೇ? ಗೊತ್ತಿತ್ತು ಎಂದುಕೊಂಡರೆ ನನಗೆ ಅನುಕೂಲ. ಆದ್ದರಿಂದ ಆ ಊಹೆಯನ್ನು ನಂಬುವುದಿಲ್ಲ. ಶುವೈಖಿನ ಆಫೀಸು ತಲುಪುವವರೆಗೆ ಅರ್ಧ ಗಂಟೆ ಅವನ ಪಕ್ಕದಲ್ಲೇ ಕೂತಿದ್ದೆ. ಹೇಳಲಿಲ್ಲ.