ಟಾರ್ನ್‌ಗಿಲ್ ಎಂಬ ಹೆಸರು

ಹೆಸ್ಟರ್ ಟಾರ್ನ್‌ಗಿಲ್‌ಗೆ ಅರವತ್ತೆರಡು ತುಂಬಿದ ವರ್ಷ ಕಣಿವೆಯ ಕುರಿಗುರುತಿನ ಪುಸ್ತಕ ಹೊಸದಾಗಿ ಅಚ್ಚಾಗುವುದಿತ್ತು. ಯಾವ ಮನೆಯ ಕುರಿಗೆ ಎಲ್ಲಿ ಬಣ್ಣ, ಕಿವಿಯಂಚು ಕತ್ತರಿಸಿ ಮಾಡಿದ ಕಚ್ಚು ಎಂಥದು ಎಂದು ಬರೆದಿಡುವ ಪುಸ್ತಕ ಅದು. ಹೆಸ್ಟರ್‌ಗೆ ಗಂಡನಿಲ್ಲ, ಮಕ್ಕಳಿಲ್ಲ. ಅವಳ ನಂತರ ಮನೆ, ಹಿಂಡು ಯಾರಿಗೆ ಎಂಬುದನ್ನು ನವೆಂಬರಿನ ಕುರಿಸಭೆಯ ದಿನ ಹೇಳಿ ಪುಸ್ತಕಕ್ಕೆ ಬರೆಸಬೇಕಿತ್ತು. ಟಾರ್ನ್‌ಗಿಲ್ ಅಲ್ಲದವರಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಹೆಸರೋ, ಅಪರೂಪದ್ದು. ಬೆಟ್ಟದ ಮೇಲಿನ ಕೊಳ ಟಾರ್ನ್. ಅದರ ನೀರು ಧುಮುಕುವ ಕೊರಕಲು ಗಿಲ್. ಆ ಕೊರಕಲಿನ ಮಗ್ಗುಲಲ್ಲಿದ್ದ ಮನೆಗೆ ಅದೇ ಹೆಸರು, ಮನೆತನಕ್ಕೂ ಅದೇ. ಹೆಸ್ಟರ್ ಪೇಟೆಯ ಅಂಚೆಕಚೇರಿಯಲ್ಲಿ ಕೂತು ದೇಶದ ಟೆಲಿಫೋನ್ ಪುಸ್ತಕಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಹನ್ನೊಂದೇ ಮನೆ. ಅದರಲ್ಲಿ ಒಂಬತ್ತು ಹತ್ತಿಗಿರಣಿಗಳ ಒಂದೇ ಊರಿನಲ್ಲಿದ್ದವು. ಮುತ್ತಜ್ಜನ ತಮ್ಮಂದಿರು ಮೂವರು ಗಂಟು ಹೊತ್ತು ಅತ್ತ ನಡೆದಿದ್ದರಂತೆ. ಹನ್ನೊಂದು ಮನೆಗೂ ಕಾಗದ ಬರೆದಳು. ಬಂದವನು ಒಬ್ಬ: ಗಿರಣಿ ಮುಚ್ಚಿದ ಮೇಲೆ ಬಸ್ ಕಂಡಕ್ಟರ್ ಆಗಿದ್ದ ಕ್ಲಿಫರ್ಡ್.

"ನಮ್ಮಪ್ಪನ ಮೂಗೇ!" ಎಂದು ಹಿಗ್ಗಿದಳು ಹೆಸ್ಟರ್.

"ಮೂಗಿಗೆ ಕುರಿ ಕಾಯೋಕೆ ಬರುತ್ತಾ ಅಮ್ಮಾವ್ರೇ?" ಎಂದಳು ಮೇವಿಸ್. ಹದಿನಾರನೇ ವಯಸ್ಸಿಗೆ ಆ ಮನೆಗೆ ಆಳಾಗಿ ಬಂದು ಇಪ್ಪತ್ತು ವರ್ಷ ಮಂಜಿನಲ್ಲಿ, ಹಿಮದಲ್ಲಿ ಹಿಂಡು ಕಾದವಳು.

"ರಕ್ತ ಕಲಿಸುತ್ತೆ, ಸುಮ್ನಿರು."

ಸಭೆ ಎಂದರೆ ದಾರಿ ತಪ್ಪಿ ಬೇರೆಯವರ ಹಿಂಡು ಸೇರಿದ ಕುರಿಗಳನ್ನು ಅವರವರಿಗೆ ಒಪ್ಪಿಸುವ ದಿನ. ಹೆಸ್ಟರ್ ಹಿಗ್ಗಿನಿಂದ ಕ್ಲಿಫರ್ಡನನ್ನೇ ದೊಡ್ಡಿಗೆ ಇಳಿಸಿದಳು. "ಎಡ ಭುಜದ ಮೇಲೆ ಕೆಂಪು ಗೆರೆ, ನಮ್ಮದು," ಎಂದಳು. ಕಿವಿಯ ಮಾತೆತ್ತಲಿಲ್ಲ. ಆ ಕಣಿವೆಯಲ್ಲಿ ಹುಟ್ಟಿದವರಿಗೆ ಅದನ್ನು ಹೇಳಬೇಕೆಂದೇ ಹೊಳೆಯುವುದಿಲ್ಲ. ಮಳೆಗೆ ಬಣ್ಣ ಮಾಸುತ್ತದೆ, ಒಬ್ಬರದು ಇನ್ನೊಬ್ಬರದರ ಹಾಗೆ ಕಾಣುತ್ತದೆ. ಕಿವಿಯ ಕಚ್ಚು ಸುಳ್ಳಾಡುವುದಿಲ್ಲ. ಕ್ಲಿಫರ್ಡ್ ಬೆವರು ಸುರಿಸಿ ಐದು ಕುರಿ ಎಳೆದು ತಂದ. ಮೂರು ಪಕ್ಕದ ಮನೆಯವು.

ಅಲ್ಲಿ ಇನ್ನೊಬ್ಬರ ಕುರಿಗೆ ಕೈ ಹಾಕುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಮೇವಿಸ್ ಬೇಲಿ ಹಾರಿ, ಕಿವಿ ಸವರಿ ಸವರಿ ಮೂರನ್ನೂ ಆಚೆ ಬಿಟ್ಟಳು.

ಪುಸ್ತಕ ಬರೆಯುವ ಮುದುಕ ಐಸಾಕ್ ನಕ್ಕ. "ಕಂಡಕ್ಟರ್ ಸಾಹೇಬ್ರು ಟಿಕೆಟ್ ನೋಡದೇ ಹತ್ತಿಸಿಕೊಂಡ್ರು!"

"ನಗಬೇಡ," ಎಂದಳು ಹೆಸ್ಟರ್. "ಹೆಸರು ಅವನದೇ."

"ಅಲ್ಲ ಅನ್ನಲಿಲ್ವಲ್ಲ. ಆದರೆ ನೋಡು ಹೆಸ್ಟರ್, ಮನೇಲಿದ್ದೋನನ್ನ ಯಾವ ಮನೆಯವನು ಅಂತ ಯಾರು ಕೇಳ್ತಾರೆ? ಕಣಿವೆ ದಾಟಿದವನನ್ನ ಕೇಳ್ತಾರೆ. ಹೆಸರು ಹೋದವರ ಜೊತೆ ಹೋಯ್ತು, ಗಿರಣಿ ಊರಲ್ಲಿ ಚೆನ್ನಾಗೇ ಇದೆ. ಇಲ್ಲಿರೋದು ಕುರಿ."

ಕ್ಲಿಫರ್ಡ್ ಟೋಪಿ ತೆಗೆದ. "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ನನಗೂ ಮೂರು ದಿನದಿಂದ ನಿದ್ದೆಯಿಲ್ಲ. ಇಲ್ಲಿಯ ಮೌನಕ್ಕೆ ಕಿವಿ ನೋಯುತ್ತೆ. ನಾನು ಊರಿಗೆ ವಾಪಸ್ ಹೋಗ್ತೀನಿ."

ಪಕ್ಕದ ಹೋಟೆಲಿನೊಳಗೆ ಎಲ್ಲರೂ ಮಾಂಸ, ಆಲೂಗಡ್ಡೆಯ ಬಿಸಿ ಊಟಕ್ಕೆ ಕೂತಾಗ ಹೆಸ್ಟರ್‌ಳ ತಟ್ಟೆ ಆರುತ್ತಲೇ ಇತ್ತು. ಕೊನೆಗೆ ಐಸಾಕ್‌ನ ಮುಂದೆ ಹೋಗಿ ನಿಂತಳು.

"ಬರಕೋ. ನನ್ನ ನಂತರ ಮೇವಿಸ್ ನೆಲ್ಸನ್."

ಮೇವಿಸ್ ಚಮಚ ಕೆಳಗಿಟ್ಟಳು. "ಅಮ್ಮಾವ್ರೇ, ನಾನು ನಿಮ್ಮವಳಲ್ಲ."

"ಗೊತ್ತು. ಊಟ ಮಾಡು."

ಹೊತ್ತು ಇಳಿಯುವ ಮುಂಚೆ ಇಬ್ಬರೂ ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದರು. ಹೆಸ್ಟರ್ ದಾರಿಯುದ್ದಕ್ಕೂ ಅತ್ತಳೆಂದು ಮೇವಿಸ್ ಎಷ್ಟೋ ವರ್ಷದ ಮೇಲೆ ಹೇಳಿದಳು.

ಹೆಸ್ಟರ್ ಇನ್ನೂ ಆರು ವರ್ಷ ಬದುಕಿದಳು. ಒಮ್ಮೆ ಪೇಟೆಯ ಸಂತೆಯಲ್ಲಿ ಆಚೆ ಕಣಿವೆಯವನೊಬ್ಬ, "ಏ ಮೇವಿಸ್ ಟಾರ್ನ್‌ಗಿಲ್, ಟಗರು ಎಷ್ಟಕ್ಕೆ?" ಎಂದು ಕೂಗಿದ. ಮೇವಿಸ್ ಕೆಂಪಾಗಿ ಯಜಮಾನಿಯ ಮುಖ ನೋಡಿದಳು.

"ನನ್ನ ಮುಖ ಯಾಕೆ ನೋಡ್ತೀಯ?" ಎಂದಳು ಹೆಸ್ಟರ್. "ಕೇಳಿದ್ದು ನಿನ್ನನ್ನ. ರೇಟು ಹೇಳು."