ಗಿರಣಿಯಲ್ಲಿ ಎತ್ತಿದ ಕೈ

ದೆವ್ವ ಭೂತದ ಮಾತು ಬಂದರೆ ನಗುವವರಲ್ಲಿ ನಾನೇ ಮೊದಲಿಗ. ನರಗುಂದದ ಒಂದು ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಖರೇನ ಕಂಡೆ" ಎಂದು ಸುರು ಮಾಡಿದರೆ, ಹಿಂದಿನ ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ. ಇದು ನಡೆದದ್ದು ರಾತ್ರಿಯಲ್ಲ, ಮಟಮಟ ಮಧ್ಯಾಹ್ನ. ಆದರೆ ಅದಕ್ಕೆ ಮೊದಲು ನಾನು ಹೇಳಿದ ಒಂದು ಸುಳ್ಳನ್ನು ನಿಮಗೆ ತಿಳಿಸಬೇಕು. ನನಗೆ ಕಷ್ಟವಾಗುತ್ತಿರುವುದು ಅದೇ.

ನನ್ನ ಅವ್ವ ನೀಲವ್ವ ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಹತ್ತಿ ಗಿರಣಿಯಲ್ಲಿ ಕೂಲಿಗಿದ್ದಳು. ಹೊಲದಿಂದ ಬಂದ ಹತ್ತಿಯನ್ನು ಯಂತ್ರದ ಬಾಯಿಗೆ ಕೈಯಿಂದಲೇ ಉಣಿಸಬೇಕು. ಒಳಗೆ ಉರುಳೆ ತಿರುಗಿ ಅರಳೆಯನ್ನು ಎಳೆದುಕೊಳ್ಳುತ್ತದೆ, ಬೀಜ ಕೆಳಗೆ ಉದುರುತ್ತದೆ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಆ ಉರುಳೆಗೆ ಅವಳ ಬಲಗೈಯ ಎರಡು ಬೆರಳು ಹೋದವು. ಮರುವರ್ಷ ನಾನು ಧಾರವಾಡದ ಬೋರ್ಡಿಂಗಿಗೆ ಹೋದೆ. ರಜೆಗೆ ಬಂದಾಗ ನೋಡಿದರೆ ಅವಳು ಗಿರಣಿಗೆ ಹೋಗುತ್ತಲೇ ಇದ್ದಳು. ಎರಡು ಬೆರಳಿಲ್ಲದವಳಿಗೆ ಅಲ್ಲೇನು ಕೆಲಸ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಸಂಜೆ ಮನೆಗೆ ಬಂದಾಗ ಅವಳ ಕೂದಲ ತುಂಬ ಅರಳೆಯ ಎಳೆಗಳಿರುತ್ತಿದ್ದವು. ಗೆಳೆಯರು ನೋಡುವ ಮೊದಲೇ "ತಲಿ ಝಾಡಿಸ್ಕೊ" ಎನ್ನುತ್ತಿದ್ದೆ.

ನೌಕರಿ ಸಿಕ್ಕ ಮೇಲೆ ಬೆಳವಣಕಿಯ ಒಂದು ದೊಡ್ಡ ಮನೆತನದ ಹುಡುಗಿಯನ್ನು ನೋಡಲು ಹೋದೆವು. ಉಪ್ಪಿಟ್ಟಿನ ತಾಟು ತೆಗೆದುಕೊಳ್ಳಲು ಅವ್ವ ಕೈ ಚಾಚಿದಳು. ಹುಡುಗಿಯ ತಂದೆಯ ಕಣ್ಣು ಆ ಕೈಯ ಮೇಲೆ ಬಿತ್ತು. "ಬೆರಳಿಗೆ ಏನಾತ್ರೀ ಅವ್ವಾರ?" ಎಂದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ನಮ್ಮ ಸೋದರಮಾವನ ಹೊಲದಾಗ ದನಕ್ಕ ಕಣಿಕಿ ಕತ್ತರಿಸೂ ಮಷಿನ್ನಿಗೆ ಸಿಕ್ಕುವ್ರಿ" ಎಂದುಬಿಟ್ಟೆ. ನನಗೆ ಸೋದರಮಾವನೇ ಇರಲಿಲ್ಲ. ಅವ್ವ ನನ್ನ ಮುಖ ನೋಡಲಿಲ್ಲ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ಹೌದ್ರಿ" ಎಂದಳು. ಮದುವೆಯಾಯಿತು. ಬೀಗರ ಮುಂದೆ ಆ ಕೈ ಸೆರಗಿನಿಂದ ಹೊರಗೆ ಬಂದದ್ದನ್ನು ಆಮೇಲೆ ನಾನು ನೋಡಲೇ ಇಲ್ಲ. ಆರು ವರ್ಷದ ಹಿಂದೆ ಅವಳು ತೀರಿಕೊಂಡಳು.

ನಿವೃತ್ತನಾದ ಮೇಲೆ ಕ್ಯಾಮೆರಾ ಹಿಡಿದೆ. ಗದಗಿನ ಫೋಟೋ ಗೆಳೆಯರು ಪಾಳುಬಿದ್ದ ಕಟ್ಟಡಗಳ ಚೆಲುವನ್ನು ತೋರಿಸುವ ಒಂದು ಪ್ರದರ್ಶನ ಮಾಡಬೇಕೆಂದರು. ನಿಮ್ಮ ಕಡೆ ಒಂದು ಹಳೆಯ ಗಿರಣಿ ಇದೆಯಂತಲ್ಲ, ಹೋಗಿ ಬನ್ನಿ ಎಂದರು. ಅದು ಅವ್ವ ದುಡಿದ ಗಿರಣಿಯೇ. ಬೇರೆ ಯಾರಾದರೂ ಹೋಗಲಿ ಎನ್ನಬಹುದಿತ್ತು. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೇ ಹೋದೆ.

ಬೀಗ ತೆಗೆದವನು ರಾಜೂರಿನ ಮೌಲಾಸಾಬ, ಅಲ್ಲಿಯ ಕಾವಲುಗಾರ. ಅವನಿಗೂ ನನ್ನಷ್ಟೇ ವಯಸ್ಸು. ನಾನು ಯಾರೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ಹೊರಗೆ ಬೇವಿನ ನೆರಳಿಗೆ ಕುಳಿತ, ನಾನೊಬ್ಬನೇ ಒಳಗೆ ಹೋದೆ. ನಿಜ ಹೇಳುತ್ತೇನೆ, ಅಷ್ಟು ಚೆಂದದ ಜಾಗವನ್ನು ನಾನು ಕಂಡೇ ಇರಲಿಲ್ಲ. ತಗಡಿನ ಮಾಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ತೊಲೆಗಳಿಗೆ ಎಷ್ಟೋ ವರ್ಷದ ಅರಳೆ ಜೋತುಬಿದ್ದಿತ್ತು. ಎರಡು ಸಾಲು ಯಂತ್ರ ಧೂಳು ಹೊದ್ದು ನಿಂತಿದ್ದವು. ಅವನ್ನು ತಿರುಗಿಸುತ್ತಿದ್ದ ಪಟ್ಟಾಗಳನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಕರೆಂಟಿನ ತಂತಿಯೂ ಉಳಿದಿರಲಿಲ್ಲ. ಅವ್ವ ಆಯುಷ್ಯ ಸವೆಸಿದ ಜಾಗ ಇದು ಎಂಬುದು ಆ ಗಳಿಗೆಗೆ ಮರೆತೇ ಹೋಯಿತು. ನಾನು ನೋಡುತ್ತಿದ್ದದ್ದು ಬೆಳಕನ್ನು.

ಚಿತ್ರಕ್ಕೆ ಒಂದಿಷ್ಟು ಬಿಳುಪು ಬೇಕೆನಿಸಿತು. ಬರುವಾಗ ದಾರಿಯ ಹೊಲದಲ್ಲಿ ಕೇಳಿ ತಂದಿದ್ದ ನಾಲ್ಕು ಹಿಡಿ ಹತ್ತಿ ಚೀಲದಲ್ಲಿತ್ತು. ಅದನ್ನು ಸಾಲಿನ ಕೊನೆಯ ಯಂತ್ರದ ಬಾಯಿಗೆ ಇಟ್ಟು, ಬಲಗೈಯ ಬೆರಳನ್ನು ಉರುಳೆಯವರೆಗೆ ತೂರಿಸಿ ಚೆಂದ ಮಾಡಿ ಹರಡುತ್ತಿದ್ದೆ.

"ಕೈ ತೋರಸು."

ಹೆಣ್ಣಿನ ದನಿ. ಜೋರಾಗಿರಲಿಲ್ಲ, ಕೆಲಸದ ನಡುವೆ ಹೇಳುವ ಮಾತಿನ ಹಾಗೆ, ನನ್ನ ಹಿಂದಿನಿಂದ, ಎರಡು ಮೊಳ ದೂರದಿಂದ ಬಂತು. ನಾನು ತಿರುಗಿ ನೋಡಲಿಲ್ಲ. ಅದಕ್ಕೆ ಮೊದಲೇ ನನ್ನ ಎರಡೂ ಕೈ ತಲೆಯ ಮೇಲೆ ಹೋಗಿದ್ದವು. ನಾನು ಎತ್ತಿದೆ ಎನ್ನಲಾರೆ, ಅವೇ ಎದ್ದವು. ಹಾಗೆ ನಿಂತಿದ್ದಾಗಲೇ ಯಂತ್ರದೊಳಗೆ ಒಂದು ಕಿರುಗುಟ್ಟಿದ ಸದ್ದಾಯಿತು. ನನ್ನ ಕಣ್ಣೆದುರೇ ಉರುಳೆ ಅರ್ಧ ಸುತ್ತು ತಿರುಗಿ, ಇಟ್ಟ ಹತ್ತಿಯನ್ನು ನಾಲ್ಕು ಬೆರಳಿನಷ್ಟು ಒಳಗೆ ಎಳೆದುಕೊಂಡು ನಿಂತಿತು.

ನಾನು ಕೈ ಎತ್ತಿಕೊಂಡೇ ನಿಂತಿದ್ದೆ. ಚಹಾ ಬೇಕೇ ಎಂದು ಕೇಳಲು ಬಂದ ಮೌಲಾಸಾಬ ಬಾಗಿಲಲ್ಲೇ ನಿಂತುಬಿಟ್ಟ.

"ಸಾಹೇಬ್ರ, ನಿಮ್ಮ ಮನ್ಯಾಗಿನವ್ರು ಯಾರರೆ ಇಲ್ಲಿ ದುಡೀತಿದ್ರೇನ್ರಿ?"

ಕೈ ಇಳಿಸಿ, ಯಾಕೆ ಎಂದೆ.

"ಇಲ್ಲಿ ಹೆಣ್ಮಕ್ಕಳು ಹಿಂಗ ನಿಲ್ತಿದ್ರು ನೋಡ್ರಿ. ಪಟ್ಟಾ ಏರಸೂಕ್ಕಿಂತ ಮದ್ಲ ಒಬ್ಬಾಕಿ ಸಾಲಿನ ತುದೀಗೆ ನಿಂತು 'ಕೈ ತೋರಸ್ರಿ' ಅಂತ ಒದರಾಕಿ. ಎಲ್ಲಾರೂ ಎರಡೂ ಕೈ ಮ್ಯಾಲ ಎತ್ತಬೇಕು. ಮಾಲಕರ ಬಂದು ನಿಂತಿದ್ರೂ ಆಕಿ ಹೂಂ ಅನ್ನೂತನಕಾ ಗಿರಣಿ ಸುರು ಆಗ್ತಿದ್ದಿಲ್ರಿ."

"ಯಾರಾಕಿ?"

"ನೀಲವ್ವ ಅಂತ. ಮದ್ಲ ಆಕೀವ ಎರಡು ಬೆರಳು ಹೋಗಿದ್ವು. ಆಮ್ಯಾಲ ಜಗಳಾ ತಗದು ಈ ಪದ್ಧತಿ ಹಚ್ಚಿದಾಕಿ ಆಕಿನ. ನನ್ನ ಮನಿಯಾಕಿ ಭಾಳ ವರ್ಷ ಇಲ್ಲೇ ಹತ್ತಿ ಉಣಿಸ್ಯಾಳ್ರಿ, ಹತ್ತೂ ಬೆರಳು ಅದಾವ. ಇವತ್ತಿಗೂ ರೊಟ್ಟಿ ಬಡಿಯೂ ಮುಂದ ಆಕೀನ ನೆನಸ್ತಾಳ. ನೀಲವ್ವಗ ಒಬ್ಬ ಮಗಾ ಇದ್ನಂತ, ಭಾಳ ಕಲ್ತಾನ ಅಂತ ಎಲ್ಲಾರ ಮುಂದ ಹೇಳ್ತಿದ್ಲು."

ಅವನು ಮತ್ತೆ ನನ್ನ ಮುಖ ನೋಡಿದ. "ಹಂಗಾದ್ರ ನಿಮ್ಮವ್ರು ಯಾರೂ ಇದ್ದಿಲ್ಲೇನ್ರಿ?"

"ಯಾರೂ ಇಲ್ಲ" ಎಂದೆ.

ಬೆಳವಣಕಿಯಲ್ಲಿ ಸುಳ್ಳು ಹೇಳಿದಾಗ ನನಗೆ ಇಪ್ಪತ್ತಾರು ವರ್ಷ, ಬುದ್ಧಿ ಇರಲಿಲ್ಲ ಎನ್ನಬಹುದು. ಈಗ ನನಗೆ ಅರವತ್ತು ದಾಟಿದೆ. ಬೆರಳು ಉಳಿದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ.

ಆಮೇಲೆ ಮೌಲಾಸಾಬನೂ ನಾನೂ ಸೇರಿ ಆ ಉರುಳೆಯನ್ನು ತಿರುಗಿಸಿ ನೋಡಿದೆವು. ತುಕ್ಕು ಕಚ್ಚಿ ಕಲ್ಲಾಗಿತ್ತು. ಕಬ್ಬಿಣದ ಸಲಾಕೆ ಹಾಕಿ ಮೀಟಿದರೂ ಕೂದಲೆಳೆಯಷ್ಟು ಅಲುಗಲಿಲ್ಲ. ಒಳಗೆ ಹೋದ ಹತ್ತಿಯನ್ನು ಎಳೆದರೆ ಹರಿದು ಬಂತೇ ಹೊರತು ಪೂರ್ತಿ ಬರಲಿಲ್ಲ. ಉರುಳೆ ಕಚ್ಚಿ ಹಿಡಿದಿದ್ದ ಆ ಹತ್ತಿಯ ಫೋಟೋ ತೆಗೆದುಕೊಂಡು ಹೊರಟೆ.

ಕೈ ಯಾಕೆ ಎದ್ದವು ಎಂಬುದಕ್ಕೆ ಒಂದು ಕಾರಣ ನನಗೆ ತೋಚುತ್ತದೆ. ಬೋರ್ಡಿಂಗಿನಿಂದ ರಜೆಗೆ ಬಂದಾಗಲೆಲ್ಲ ಅವ್ವ ಊಟಕ್ಕೆ ಮೊದಲು "ಕೈ ತೋರಸು" ಎನ್ನುತ್ತಿದ್ದಳು. ಎರಡೂ ಕೈ ಮೇಲೆತ್ತಿಸಿ ಒಂದೊಂದೇ ಬೆರಳು ಮುಟ್ಟಿ ಬಿಡುತ್ತಿದ್ದಳು. ತೊಳೆದಿದ್ದೇನೋ ಇಲ್ಲವೋ ನೋಡುತ್ತಾಳೆ ಎಂದುಕೊಂಡು ರೇಗುತ್ತಿದ್ದೆ. ಆ ರೂಢಿಯೇ ಕೈಯಲ್ಲಿ ಉಳಿದಿತ್ತು, ದನಿ ನನ್ನ ತಲೆಯೊಳಗಿನದು ಎಂದು ವಾದಿಸಬಹುದು. ಸ್ಟಾಫ್ ರೂಮಿನಲ್ಲಿ ಬೇರೆ ಯಾರಾದರೂ ಹೇಳಿದ್ದರೆ ನಾನೇ ಹಾಗೆ ವಾದಿಸುತ್ತಿದ್ದೆ. ಆದರೆ ಹತ್ತಿ?

ಆ ಹತ್ತಿಯ ಚಿತ್ರ ಪ್ರದರ್ಶನದಲ್ಲಿ ಎಲ್ಲರಿಗೂ ಮೆಚ್ಚುಗೆಯಾಯಿತು. ಕೆಳಗೆ "ಮೌನ" ಎಂದು ಬರೆದಿದ್ದೆ. ಜನ ಹೊಗಳುತ್ತಿದ್ದರೆ ನಾನು ಗೋಡೆಯ ಕಡೆ ನೋಡುತ್ತಿದ್ದೆ. ಮನೆಗೆ ಬಂದು ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಇಷ್ಟನ್ನೂ ಬರೆದು, ಯಾರಿಗೂ ಕೊಡುವ ಮೊದಲು ಹೆಂಡತಿಗೆ ಓದಲು ಕೊಟ್ಟೆ. ಅವಳ ಕಾಲು ಹಿಡಿಯಬೇಕಾಗುತ್ತದೆ ಎಂದೇ ತಿಳಿದಿದ್ದೆ.

ಅವಳು ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟಳು. "ಗಿರಣಿ ಸುದ್ದಿ ನಂಗ ಗೊತ್ತಿತ್ರಿ. ಮದಿವಿ ಆದ ವರ್ಷನ ಅತ್ತಿಯಾರು ಹೇಳಿದ್ರು. 'ನಿನಗ ಗೊತ್ತೈತಿ ಅಂತ ಅವಗ ತಿಳಿಯೂದು ಬ್ಯಾಡವಾ, ನಾಚ್ಕೊಂತಾನ' ಅಂದಿದ್ರು. ಅದಕ್ಕ ಸುಮ್ನ ಇದ್ದೆ."

ಅಂದರೆ ಅಷ್ಟು ವರ್ಷ ಅವ್ವ ಸೆರಗಿನಲ್ಲಿ ಮುಚ್ಚಿಟ್ಟದ್ದು ತನ್ನ ಕೈಯನ್ನಲ್ಲ, ನನ್ನ ಸುಳ್ಳನ್ನು.

ಪಟ್ಟಾ ಇಲ್ಲದ ಉರುಳೆ ಹೇಗೆ ತಿರುಗಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ, ಬಗೆಹರಿಯುವ ನಂಬಿಕೆಯೂ ಇಲ್ಲ. ಆದರೆ ಮೌಲಾಸಾಬನ ಮನೆಗೆ ಹೋಗಿ, ನೀಲವ್ವ ನನ್ನ ಅವ್ವ ಎಂದು ಅವನ ಹೆಂಡತಿಗೆ ಹೇಳುವುದಕ್ಕೆ ಯಾವ ವಿವರಣೆಯೂ ಬೇಕಾಗಿಲ್ಲ. ನರಗುಂದದಿಂದ ರೋಣಕ್ಕೆ, ರೋಣದಿಂದ ರಾಜೂರಿಗೆ ದಿನವೂ ಬಸ್ಸಿದೆ. ಎರಡು ಸಲ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ.